ತಕ್ಕಡಿಯಲ್ಲಿ ಉಳಿದ ಸಕ್ಕರೆ

ಕೊಪ್ಪಳದ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಯಾವ ಮಗು ಏನು ತಿನ್ನಬಾರದು ಎಂದು ಹೇಳುವುದು ನನ್ನ ಕೆಲಸ. ಇದಕ್ಕಾಗಿ ಧಾರವಾಡದಲ್ಲಿ ವರ್ಷಗಟ್ಟಲೆ ಓದಿದ್ದೇನೆ. ಕುಷ್ಟಗಿ, ಯಲಬುರ್ಗಾ, ಗಂಗಾವತಿಯಿಂದ ಬಸ್ಸು ಹತ್ತಿ ಬಂದವರು ಎಲ್ಲವನ್ನೂ ತಲೆಯಾಡಿಸಿ ಕೇಳುತ್ತಾರೆ. ಆಮೇಲೆ ಗೇಟಿನೆದುರಿನ ಅಂಗಡಿಯಲ್ಲಿ ಮಗುವಿಗೆ ಜ್ಯೂಸ್ ಕೊಡಿಸುತ್ತಾರೆ. ದಿನಾ ನಡೆಯುವುದರಿಂದ ಅದನ್ನು ಪ್ರಸಂಗ ಎನ್ನಲಾಗದು. ನಾನು ಬಾಡಿಗೆಗಿರುವ ಮನೆಯಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇನೆ.

೧. ಕುಡಿದವರು ಯಾರು

ಮಹಡಿಯ ಕೋಣೆಯಲ್ಲಿ ನಾನೊಬ್ಬಳೇ. ಕೆಳಗೆ ಮನೆಯೊಡತಿ ಅಜ್ಜಿ, ಗಿಣಿಗೇರಾದ ಫ್ಯಾಕ್ಟರಿಯಲ್ಲಿ ದುಡಿಯುವ ಅವರ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು. ಹುಡುಗಿಗೆ ಪದೇ ಪದೇ ಹೊಟ್ಟೆನೋವು ಬರುತ್ತಿತ್ತು. ನಾನೇ ನಮ್ಮ ಆಸ್ಪತ್ರೆಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಕೊಬ್ಬು ಸೇರಿದ್ದು ಕಂಡಿತು. ಸಿಹಿ ಇಳಿಸಿ, ಓಡಾಡಿಸಿದರೆ ಈ ವಯಸ್ಸಿನಲ್ಲಿ ಸರಿಹೋಗುತ್ತದೆ, ಅಲಕ್ಷ್ಯ ಮಾಡಿದರೆ ದೊಡ್ಡವಳಾಗುವಷ್ಟರಲ್ಲಿ ಲಿವರ್ ಕೆಟ್ಟು ಹೋಗಬಹುದು ಎಂದರು ಡಾಕ್ಟರ್. ಏನೇನು ನಿಲ್ಲಿಸಬೇಕೆಂದು ನಾನು ಹೇಳಿದೆ.

ಅಜ್ಜಿ ಅಳಲಿಲ್ಲ. ಅವರ ತಿಳಿವಳಿಕೆಯಲ್ಲಿ ಲಿವರ್ ಕೆಡುವುದು ಕುಡುಕರಿಗೆ ಮಾತ್ರ. ಮೊಮ್ಮಗಳು ಕುಡಿಯುವುದಿಲ್ಲ ಎಂದಮೇಲೆ ಮಗ ಕುಡಿಯುತ್ತಿರಬೇಕು, ಅದು ರಕ್ತದಲ್ಲಿ ಇಳಿದು ಬಂದಿರಬೇಕು. ಅಂದಿನಿಂದ ಶಿಫ್ಟು ಮುಗಿಸಿ ಬಂದ ಮಗ ಹೊಸ್ತಿಲಲ್ಲಿ ಬಾಯಿ ತೆರೆದು ನಿಲ್ಲಬೇಕಾಯಿತು. ಅಜ್ಜಿ ಮೂಸಿ ಒಳಗೆ ಬಿಡುತ್ತಿದ್ದರು. ಸೆರೆಯ ವಾಸನೆ ಬರಲಿಲ್ಲ, ಗುಟ್ಕಾದ್ದು ಬಂತು. ಗುಟ್ಕಾ ನಿಂತಿತು.

ನಾನು ಕೈಹಾಕಿದ ಮೇಲೆ ಒಂದು ಮನೆಯಲ್ಲಿ ಏನಾದರೂ ನಿಂತದ್ದು ಅದೇ ಮೊದಲು.

೨. ನರಕ್ಕೆ ಹಾಕಿದರೆ ಔಷಧ

ಕೆಲವು ದಿನ ಬಿಟ್ಟು ಅಜ್ಜಿ ಮೇಲೆ ಬಂದು, ಸಕ್ಕರೆ ಪೂರಾ ಬಂದ್ ಮಾಡಿದ್ದಾಗಿ ಹೇಳಿದರು. ಹಾಗಾದರೆ ಹುಡುಗಿ ಏನು ತಿನ್ನುತ್ತಾಳೆ ಎಂದು ಕೇಳಿದೆ. ಬೆಳಿಗ್ಗೆ ಬೆಲ್ಲದ ಚಹಾ, ಅದಕ್ಕೆ ಅದ್ದಲು ಬಿಸ್ಕಿಟು. ಸಾಲೆಯಿಂದ ಬಂದಮೇಲೆ ಬಾಟ್ಲಿ ಮಾವಿನ ಜ್ಯೂಸು. ಸಕ್ಕರೆ ಬಿಟ್ಟು ಹುಡುಗಿ ಸೊರಗಬಾರದಲ್ಲ, ರಾತ್ರಿ ನೀರಿಗೆ ಗ್ಲೂಕೋಸ್ ಪುಡಿ.

ಇವೆಲ್ಲ ಸಕ್ಕರೆಯೇ ಎಂದೆ. ಅಜ್ಜಿ ಒಪ್ಪಲಿಲ್ಲ.

"ಗ್ಲೂಕೋಸ್ ನಿಮ್ಮ ದವಾಖಾನಿದs ಐತಿ. ನೀವು ನರಕ್ಕ ಹಾಕಿದ್ರ ಔಷಧ, ನಾವು ಬಾಯಿಗೆ ಹಾಕಿದ್ರ ಸಕ್ರಿ. ಇದ್ಯಾವ ನ್ಯಾಯ ರೀ ಅಕ್ಕಾರ?"

ಮಾತು ಬಿಟ್ಟು ಚಮಚ ಹಿಡಿದೆ. ಒಂದು ಬಾಟ್ಲಿ ಜ್ಯೂಸಿನಲ್ಲಿ ಎಷ್ಟಿರುತ್ತದೋ ಅಷ್ಟು ಸಕ್ಕರೆಯನ್ನು ಅವರ ಕಣ್ಣೆದುರೇ ತಟ್ಟೆಗೆ ಸುರಿದೆ. ಅಜ್ಜಿ ಆ ಗುಡ್ಡೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಇಷ್ಟು ನಾವು ದೇವರಿಗೂ ಇಡೂದಿಲ್ಲ" ಎಂದು ಎದ್ದು ಹೋದರು.

ನರದ ಪ್ರಶ್ನೆಯನ್ನು ಮರುದಿನ ಡಾಕ್ಟರ ಮುಂದಿಟ್ಟೆ. ಅವರು ಯೋಚಿಸಿ ಚಹಾ ತರಿಸಿದರು. ಸಕ್ಕರೆ ಜಾಸ್ತಿ ಹಾಕಿಸಿ.

೩. ದೇವರ ತಟ್ಟೆ

ಆ ಗುಡ್ಡೆ ನೋಡಿದ ಮೇಲೆ ಅಜ್ಜಿ ಬದಲಾದರು. ಬಾಟ್ಲಿ, ಬಿಸ್ಕಿಟು ಎಲ್ಲ ಹೋಯಿತು. ಓಣಿಯ ಅಂಗಡಿಯವನಿಗೂ ತಾಕೀತಾಯಿತು. ಹೆದರಿಸಲು ಮಾತ್ರ ಅವರು ನನ್ನನ್ನು ಬಳಸಿಕೊಂಡರು. ಮೊಮ್ಮಗಳು ಹಟ ಮಾಡಿದರೆ "ಮ್ಯಾಲಿನ ಅಕ್ಕಾರನ್ನ ಕರೀಲೇನು?" ಎನ್ನುತ್ತಿದ್ದರು. ಉಪಾಯ ಚೆನ್ನಾಗಿದೆ ಎಂದು ಉಳಿದ ಮನೆಗಳೂ ಹಿಡಿದವು. ಮೊದಲು ಈ ಕೆಲಸವನ್ನು ಗುಮ್ಮ ಮಾಡುತ್ತಿದ್ದ.

ಬಂದವರಿಗೆ ಚಹಾ ಕೊಡದೆ ಕಳಿಸುವುದು ನಮ್ಮ ಓಣಿಯಲ್ಲಿ ಅವಮಾನ. ಸಪ್ಪೆ ಚಹಾ ಕೊಡುವುದು ಇನ್ನೂ ದೊಡ್ಡ ಅವಮಾನ. ಸಿಹಿ ಚಹಾ ಕೊಟ್ಟರೆ ನಾನು ಬೈಯುತ್ತೇನೆಂದು ಭಯ. ಆದ್ದರಿಂದ ನನ್ನನ್ನು ಕರೆಯುವುದನ್ನೇ ಬಿಟ್ಟರು. ನನ್ನ ಕೋಣೆಗೂ ಯಾರೂ ಬರುತ್ತಿರಲಿಲ್ಲ; ಜೋಡಿಯಾಗಿ ಕೊಂಡ ನನ್ನ ಎರಡು ಕಪ್ಪುಗಳಲ್ಲಿ ಒಂದರ ಬೆಲೆಚೀಟಿ ಇನ್ನೂ ಕಿತ್ತಿರಲಿಲ್ಲ.

ಗೌರಿ ಹುಣ್ಣಿಮೆ ಬಂತು. ಈ ಕಡೆ ಅಂದು ಹೆಣ್ಣುಮಕ್ಕಳು ಗೌರಿಗೆ ಬೆಳಗುವುದು ಸಕ್ಕರೆ ಆರತಿ: ಅಚ್ಚಿನಲ್ಲಿ ಹೊಯ್ದ ಸಕ್ಕರೆಯ ಆನೆ, ನವಿಲು, ಬಸವಣ್ಣ. ಆಮೇಲೆ ಗೊಂಬೆಗಳು ಮನೆಮನೆಗೆ ಹೋಗುತ್ತವೆ. ನಾನು ಮೆಟ್ಟಿಲಲ್ಲಿ ನಿಂತು ನೋಡಿದೆ. ಆನೆಗಳು ಎಡಮನೆಗೆ ಹೋದವು, ನವಿಲುಗಳು ಬಲಮನೆಗೆ. ಮೆಟ್ಟಿಲು ಯಾವುದೂ ಹತ್ತಲಿಲ್ಲ.

ಹುಡುಗಿ ತಟ್ಟೆ ಹಿಡಿದು ಹೊರಟವಳು ನನ್ನನ್ನು ಕಂಡು ಸೆರಗಿಲ್ಲದಿದ್ದರೂ ಸೆರಗಿನಿಂದ ಮುಚ್ಚುವವಳಂತೆ ತಟ್ಟೆಗೆ ಕೈ ಅಡ್ಡ ಹಿಡಿದಳು.

"ನಾ ತಿನ್ನಂಗಿಲ್ರಿ. ಇದು ದೇವರಿಗೆ."

ಒಳ್ಳೆಯದು ಎಂದೆ. ಅವಳು ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. ನಿಜವಾಗಿಯೂ ಚಿಂತೆಯಿತ್ತು ಮುಖದಲ್ಲಿ.

"ಅಕ್ಕಾರ, ದೇವರ ಲಿವರ್‌ಗೆ ಏನೂ ಆಗೂದಿಲ್ಲಲ್ರಿ?"

೪. ನನ್ನ ಪಾಲು

ಬೇಸಿಗೆಯಲ್ಲಿ ಮತ್ತೆ ಸ್ಕ್ಯಾನ್ ಆಯಿತು. ಕೊಬ್ಬು ಕರಗಿತ್ತು. ಹುಡುಗಿ ಓಣಿಯ ತುಂಬ ಓಡುತ್ತಿದ್ದಳು. ಡಾಕ್ಟರು ಇನ್ನು ಹೆದರಿಕೆಯಿಲ್ಲ, ಹೀಗೇ ಇರಲಿ ಎಂದಾಗ ಅಜ್ಜಿ ಮೊದಲ ಸಲ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಮೊದಲ ರಿಪೋರ್ಟು ಬಂದ ದಿನವೇ ತಾವು ಹರಕೆ ಹೊತ್ತದ್ದನ್ನು ಹೇಳಿದರು. ಮೊಮ್ಮಗಳು ನೆಟ್ಟಗಾದರೆ ಕುಕನೂರಿನ ಕಡೆಯ ದೇವಿಗೆ ಅವಳ ತೂಕದ ಸಕ್ಕರೆ.

ಬೇರೆ ಏನೂ ಸಿಗಲಿಲ್ಲವೇ ಎಂದೆ.

"ದೇವಿಗೆ ಮೆಂತ್ಯಾ ತೂಗಾಕ ಬರತೈತೇನ್ರಿ?"

ನನ್ನನ್ನೂ ಕರೆದೊಯ್ದರು. ಆ ಓಣಿಯಲ್ಲಿ ಯಾರಾದರೂ ನನ್ನನ್ನು ಎಲ್ಲಿಗಾದರೂ ಕರೆದು ತಿಂಗಳುಗಳಾಗಿದ್ದವು, ಹೋದೆ. ಗುಡಿಯ ತಕ್ಕಡಿಯ ಒಂದು ಕಡೆ ಹುಡುಗಿ, ಇನ್ನೊಂದು ಕಡೆ ಸಕ್ಕರೆ ಚೀಲ. ಚೀಲ ನೆಲಕ್ಕೆ ಕೂತಿತು. ಹುಡುಗಿ ಗಾಳಿಯಲ್ಲಿ ಕಾಲಾಡಿಸುತ್ತ ಉಳಿದಳು. ಅಜ್ಜಿ ಹರಕೆ ಹೊತ್ತ ದಿನದ ತೂಕಕ್ಕೆ ಸಕ್ಕರೆ ತಂದಿದ್ದರು.

ಪೂಜಾರಿ ಚೀಲದಿಂದ ತೆಗೆದು ತೆಗೆದು ಸಮ ಮಾಡಿದ. ತೂಗಿದ್ದನ್ನು ಅಲ್ಲೇ ಹಂಚಿದರು. ಮಕ್ಕಳು ಬೊಗಸೆ ಒಡ್ಡಿ ಸಾಲು ನಿಂತರು. ನನ್ನ ಮುಂದಿನ ವರ್ಷಗಳ ಕೆಲಸವೆಲ್ಲ ಆ ಸಾಲಿನಲ್ಲಿತ್ತು.

ಉಳಿದ ಸಕ್ಕರೆಯನ್ನು ಏನು ಮಾಡುವುದು? ಹರಕೆಯದ್ದು, ಮನೆಗೆ ವಾಪಸ್ ಒಯ್ಯುವಂತಿಲ್ಲ. ತೂಗಿದ್ದಲ್ಲ, ದೇವಿಗೂ ಸೇರುವಂತಿಲ್ಲ. ಅಜ್ಜಿ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಮಡಿಲಿಗೆ ಹಾಕಿದರು.

"ತೂಕ ಇಳಿಸಿದವರು ನೀವು. ಇದು ನಿಮ್ಮ ಪಾಲು. ಮತ್ತ ಒಬ್ಬಾಕೀನs ತಿನಬ್ಯಾಡ್ರಿ, ಲಿವರ್ ಕೆಡತೈತಿ. ನಾಕ ಮಂದೀನ ಕರದು ಚಾ ಮಾಡ್ರಿ."

ಎರಡನೆಯ ಕಪ್ಪಿನ ಚೀಟಿ ಕಿತ್ತೆ. ಸಾಲದ್ದಕ್ಕೆ ಕೆಳಗಿನ ಮನೆಯಿಂದ ಲೋಟ ತಂದೆ. ಓಣಿಗೆ ಓಣಿಯೇ ಮೆಟ್ಟಿಲು ಹತ್ತಿ ಬಂತು. ಹರಕೆಯ ಸಕ್ಕರೆಯ ಚಹಾ, ಬೇಡವೆನ್ನುವಂತಿಲ್ಲ. ಎಲ್ಲರೂ ಗುಟುಕರಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಜ್ಜಿಯೇ ಧೈರ್ಯ ಮಾಡಿದರು.

"ಎಲ್ಲಾ ಛಲೋ ಆಗೇತ್ರಿ ಅಕ್ಕಾರ. ಸಕ್ರಿ ಒಂದು ಕಮ್ಮಿ."