ದೊಡ್ಡಪ್ಪನ ಲೋಡ್ ಟೆಸ್ಟ್

ಆಪರೇಷನ್‌ಗೆ ಮುಂಚೆ ಡಾಕ್ಟರನ್ನೇ ಇಂಟರ್‌ವ್ಯೂ ಮಾಡಿದ ಪೇಷೆಂಟನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಲಗ್ಗೆರೆಯ ನಮ್ಮ ದೊಡ್ಡಪ್ಪ! ಪೀಣ್ಯದ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಫಿಟ್ಟರ್ ಆಗಿದ್ದವರು. ರಿಟೈರ್ ಆಗಿ ವರ್ಷಗಳಾದರೂ ಅವರಿಗಿನ್ನೂ ಆ ಸುದ್ದಿ ಮುಟ್ಟಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದರೂ ಕುಕ್ಕರಿನ ಹಿಡಿ ಅಲ್ಲಾಡಿಸಿ ನೋಡಿಯೇ ತಟ್ಟೆಯ ಮುಂದೆ ಕೂರುತ್ತಾರೆ.

ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಹತ್ತಿರ ತೊಡೆಯ ಮೂಳೆ ಮುರಿದುಕೊಂಡರು. ಮೂಳೆಯೊಳಗೆ ರಾಡ್ ಹಾಕಬೇಕೆಂದರು ಡಾಕ್ಟರು. ಸ್ಟ್ರೆಚರ್ ಮೇಲೆ ನರಳುತ್ತಲೇ ದೊಡ್ಡಪ್ಪ ಶುರುಮಾಡಿದರು.

"ಎಷ್ಟು ಎಂಎಂ ರಾಡು ಡಾಕ್ಟ್ರೇ? ಒಂದ್ಸಲ ಕೈಗೆ ಕೊಡಿ, ಅಳತೆ ನೋಡ್ತೀನಿ."

ಆಪರೇಷನ್ ಆಯಿತು. ತೊಡೆಯ ಪಕ್ಕದಲ್ಲಿ ಬರೀ ಮೂರು ಪುಟ್ಟ ಗಾಯ. ಅದಕ್ಕೂ ತಕರಾರು!

"ಇಷ್ಟೇನಾ ಕುಯ್ದಿದ್ದು? ಒಳಗೆ ಹೆಂಗ್ ನೋಡಿದ್ರಿ?"

"ಎಕ್ಸ್‌ರೇ ಸ್ಕ್ರೀನ್ ಮೇಲೆ ಬರುತ್ತೆ ಸಾರ್, ನೋಡ್ಕೊಂಡು ಹಾಕ್ತೀವಿ."

"ಟಿವಿ ನೋಡ್ಕೊಂಡು ಕೆಲಸ ಮಾಡಿದ್ರಾ?"

ಡಾಕ್ಟರು ನಕ್ಕರು. ನಾನು ಕಿಟಕಿಯಾಚೆ ನೋಡತೊಡಗಿದೆ.

ಮಾರನೆಯ ದಿನವೇ ವಾಕರ್ ಹಿಡಿದು ನಡೆಯಬೇಕಿತ್ತು. ಇವರು ಜಪ್ಪಯ್ಯ ಅನ್ನಲಿಲ್ಲ. "ಹೊಸ ಫಿಟ್ಟಿಂಗ್ ಕಣೋ. ಫಿಟ್ ಮಾಡಿದವ್ರು ಪಕ್ಕದಲ್ಲಿ ನಿಲ್ದೆ ನಮ್ ಫ್ಯಾಕ್ಟ್ರೀಲಿ ಭಾರ ಹಾಕಿ ಲೋಡ್ ಕೊಡ್ತಿರ್ಲಿಲ್ಲ." ಪುಣ್ಯಾತ್ಮ ಡಾಕ್ಟರು ಬಂದು ಪಕ್ಕದಲ್ಲೇ ನಿಂತರು. ಆಗ ಇವರಿಗೆ ರಾಡಿನ ಟೆಸ್ಟ್ ರಿಪೋರ್ಟ್ ಬೇಕಾಯಿತು!

ಹೀಗೇ ಮೂರು ದಿನ. ಮಲಗೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಆಮೇಲೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನನಗೆ ಭಯವೂ ಆಯಿತು, ರೇಗಿಯೂ ಹೋಯಿತು.

"ರಾಡ್ ಗಟ್ಟಿಯಾಗೇ ಇದೆ ದೊಡ್ಡಪ್ಪ. ಲೂಸಾಗಿರೋದು ನಿಮ್ಮ ತಲೆ!"

ಬಿಸಿನೀರು ತರಲು ಹೋಗಿದ್ದ ದೊಡ್ಡಮ್ಮ ಬಂದರೇನೋ ಎಂದು ದೊಡ್ಡಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಅವತ್ತು ಬಚ್ಚಲಲ್ಲಿ ನನ್ನ ಎತ್ತೋಕೆ ಅವಳ ಕೈಲಿ ಆಗ್ಲಿಲ್ಲ. ನೀನು ಬರೋವರ್ಗೂ ಆ ನೀರಲ್ಲೇ ಕೂತು, ನನ್ನ ತಲೆ ಮಡಿಲಲ್ಲಿ ಇಟ್ಕೊಂಡಿದ್ಲು. ಮಂಡಿ ನೋವಿರೋಳು. ನಾನು ಮತ್ತೆ ಬಿದ್ರೆ, ಮತ್ತೆ ಕೂರ್ಬೇಕಲ್ಲೋ ಅವಳು."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ತಿರುಗಿ ನೋಡಿದರೆ ದೊಡ್ಡಮ್ಮ ಫ್ಲಾಸ್ಕ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಬಂದವರೇ ವಾಕರ್ ಎಳೆದು ಗಂಡನ ಮುಂದಿಟ್ಟರು.

"ಬಿದ್ರೆ ಕೂರ್ತೀನಿ. ಏಳ್ರೀ."

ಒಂದು ಪ್ರಶ್ನೆಯನ್ನೂ ಕೇಳದೆ ದೊಡ್ಡಪ್ಪ ಎದ್ದು ನಿಂತರು.