ಚಿಕ್ಕಮ್ಮನ ರಸ್ತೆಯಲ್ಲಿ ಕಾರು ನಿಲ್ಲಿಸಬೇಡಿ

ನಮ್ಮ ಚಿಕ್ಕಮ್ಮನಿಗೆ ಕಾರಿಲ್ಲ. ಸ್ಕೂಟರಿಲ್ಲ. ಸೈಕಲ್ ಕೂಡ ಇಲ್ಲ. ಕಟಪಾಡಿ ಪೇಟೆಗೆ ನಡೆದು ಹೋಗುತ್ತಾರೆ, ಉಡುಪಿಗಾದರೆ ಬಸ್ಸು. ಆದರೆ ಪಾರ್ಕಿಂಗಿನ ವಿಷಯದಲ್ಲಿ ಅವರಷ್ಟು ಜಗಳವಾಡಿದ ಇನ್ನೊಬ್ಬರು ಈ ಕರಾವಳಿಯಲ್ಲಿ ಇದ್ದರೆ ತೋರಿಸಿ, ನನ್ನ ಸ್ಕೂಟರನ್ನು ಅವರ ಹೆಸರಿಗೆ ಮಾಡಿಕೊಡುತ್ತೇನೆ.

ಚಿಕ್ಕಮ್ಮ ಹುಟ್ಟಿ ಬೆಳೆದದ್ದು ಕಾಪುವಿನ ಕಡಲ ಬದಿಯ ಮನೆಯಲ್ಲಿ. ಅವರ ತಾಯಿ ಮೀನು ಮಾರಿದವರು, ಅಣ್ಣನದು ಈಗಲೂ ಬೋಟಿನ ಉದ್ಯೋಗ. ಅಲೆಗಳ ಸದ್ದನ್ನು ಮೀರಿ ಮಾತಾಡಿ ಅಭ್ಯಾಸವಾದ ಗಂಟಲು. ಅವರು ಗುಟ್ಟು ಹೇಳಿದರೂ ಅಕ್ಕಪಕ್ಕದ ಮನೆಗಳಿಗೆ ಕೇಳುತ್ತದೆ. ಈ ಲೇಔಟಿನ ಮನೆ ಚಿಕ್ಕಪ್ಪ ಮಸ್ಕತ್ತಿನಲ್ಲಿ ದುಡಿದು ಕಟ್ಟಿಸಿದ್ದು. ಚಿಕ್ಕಪ್ಪ ತೀರಿಹೋದ ಮೇಲೆ ಕೆಳಗೆ ಚಿಕ್ಕಮ್ಮ, ಮಹಡಿಯಲ್ಲಿ ನಾನು ಮತ್ತು ನನ್ನ ಹೆಂಡತಿ. ಹಾಗಾಗಿ ಮುಂದೆ ಹೇಳುವುದಕ್ಕೆಲ್ಲ ನಾನೇ ಸಾಕ್ಷಿ. ಕೆಲವಕ್ಕೆ ಬಲಿಪಶು.

ಜಗಳ ಹುಟ್ಟಿದ್ದು ನಮ್ಮ ರಸ್ತೆಯ ತಲೆಯಲ್ಲಿ ಮದುವೆ ಹಾಲ್ ಆದ ಮೇಲೆ. ಹಾಲ್ ದೊಡ್ಡದು, ಊಟ ದೊಡ್ಡದು, ಪಾರ್ಕಿಂಗ್ ಜಾಗ ಮಾತ್ರ ಮದುಮಗನ ಕಾರಿಗೆ ಸಾಕಾಗುವಷ್ಟು. ಒಳ್ಳೆಯ ಮುಹೂರ್ತ ಬಂತೆಂದರೆ ನಮಗೆ ಕೆಟ್ಟ ದಿನ. ರಸ್ತೆಯ ಎರಡೂ ಬದಿಗೆ ಕಾರುಗಳು, ನಡುವೆ ಉಳಿದ ಸಂದಿಯಲ್ಲಿ ಹೈವೇ ಜಾಮ್ ತಪ್ಪಿಸಲು ಒಳದಾರಿ ಹಿಡಿದವರ ಹಾರ್ನು. ನಮ್ಮ ಗೇಟು ತೆರೆಯಬೇಕಾದರೆ ಯಾರದೋ ಮದುವೆ ಮುಗಿಯಬೇಕು.

ಅಂಥದೇ ಒಂದು ದಿನ ಎದುರುಮನೆಯ ಮಾಸ್ಟ್ರ ಹೆಂಡತಿ ಬಚ್ಚಲಿನಲ್ಲಿ ಜಾರಿಬಿದ್ದರು. ಆಟೋ ಬಂತು, ಆದರೆ ಮನೆಯವರೆಗೆ ಬರಲಿಕ್ಕೆ ಆಗಲಿಲ್ಲ. ಆಯಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕಾರುಗಳ ಸಂದಿನಲ್ಲಿ ಅಡ್ಡಡ್ಡ ನುಸುಳುತ್ತ ನಾವು ಹೊತ್ತುಕೊಂಡು ಹೋಗಬೇಕಾಯಿತು. ಪಕ್ಕದಲ್ಲಿ ಹಾಲಿನ ಸ್ಪೀಕರಿನಿಂದ ಮಂಗಳವಾದ್ಯ. ಕುರ್ಚಿಯ ಒಂದು ಕಾಲನ್ನು ಚಿಕ್ಕಮ್ಮನೇ ಹಿಡಿದಿದ್ದರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಅವರು ಮಾತಾಡದ್ದನ್ನು ನೋಡಿ ನನಗೆ ಹೆದರಿಕೆಯಾಯಿತು.

ಮಾಸ್ಟ್ರು ಲೇಔಟ್ ಸಂಘದ ಅಧ್ಯಕ್ಷರು, ಮನವಿ ಬರೆಯುವುದರಲ್ಲಿ ನಿಸ್ಸೀಮರು. ಪಂಚಾಯತಿಗೆ ಬರೆದರು, ಠಾಣೆಗೆ ಬರೆದರು. ಪರಿಶೀಲಿಸುತ್ತೇವೆ ಎಂಬ ಉತ್ತರ ಎಲ್ಲ ಕಡೆಯಿಂದಲೂ ಬಂತು.

"ನೀವು ಬರೀತಾ ಇರಿ ಮಾಸ್ಟ್ರೇ," ಎಂದರು ಚಿಕ್ಕಮ್ಮ. "ನಾನು ಬೇರೆ ಎಂತಾದರೂ ಮಾಡಲಿಕ್ಕೆ ಆಗ್ತದಾ ನೋಡ್ತೇನೆ."

ಮರುದಿನವೇ ಕಾಪುವಿಗೆ ಹೋದವರು ಗೂಡ್ಸ್ ಟೆಂಪೋದಲ್ಲಿ ವಾಪಸು ಬಂದರು. ಹಿಂದೆ ಅಣ್ಣನ ಬೋಟಿನ ಹಳೆಯ ಬಲೆ, ಒಂದು ರಾಶಿ. ಇಡೀ ಲೇಔಟಿಗೆ ಬಂಗುಡೆ ಮೀನಿನ ವಾಸನೆ ಹರಡಿತು.

ಮುಂದಿನ ಮುಹೂರ್ತಕ್ಕೆ ಮಾಸ್ಟ್ರ ಗೇಟಿಗೆ ಅಡ್ಡವಾಗಿ ಒಂದು ಬಿಳಿ ಕಾರು ನಿಂತಿತು. ಊಟ ಮುಗಿಸಿ, ಬೀಡಾ ಜಗಿಯುತ್ತ ಬಂದ ಯಜಮಾನರು ಕಂಡದ್ದು ಬಲೆಯೊಳಗೆ ಸಿಕ್ಕ ಅವರ ಕಾರು. ಕನ್ನಡಿ, ವೈಪರು, ಬಾಗಿಲ ಹಿಡಿ ಎಲ್ಲದಕ್ಕೂ ಬಲೆ ಸುತ್ತಿಕೊಂಡಿತ್ತು. ಹಿಂದೆ ರೇಷ್ಮೆ ಸೀರೆಯ ಹೆಂಡತಿ ಮೂಗು ಮುಚ್ಚಿ ನಿಂತಿದ್ದರು.

"ಇದು ಯಾರ ಕೆಲಸ?" ಎಂದರು ಯಜಮಾನರು.

"ಬಲೆ ನನ್ನದು," ಎಂದರು ಚಿಕ್ಕಮ್ಮ, ಜಗಲಿಯಿಂದ ಏಳದೆ. "ಜಾಗ್ರತೆ ಮಾರಾಯ್ರೆ, ಹರಿಯಬೇಡಿ. ನಿಧಾನಕ್ಕೆ ಬಿಡಿಸಿ."

ಯಜಮಾನರು ಪೊಲೀಸರನ್ನು ಕರೆಸಿದರು. ಮಾಸ್ಟ್ರ ಮನವಿಗೆ ಬಾರದ ಪೊಲೀಸರು ಬಲೆಗೆ ಬಂದರು ನೋಡಿ.

"ಎಂತಮ್ಮ ಇದು?" ಎಂದರು ಬಂದ ಪೊಲೀಸಿನವರು.

"ಬಲೆ ಒಣಗಲಿಕ್ಕೆ ಹಾಕಿದ್ದು ಸಾರ್. ಅಡಿಯಲ್ಲಿ ಕಾರು ಬಂದು ನಿಂತರೆ ನಾನೆಂತ ಮಾಡುವುದು?"

"ಗೇಟಿಗೆ ಅಡ್ಡ ನಿಲ್ಲಿಸಿದ್ದು ಯಾರು?" ಎಂದು ಪೊಲೀಸಿನವರು ಬಿಳಿ ಕಾರಿನವರತ್ತ ತಿರುಗಿದರು. ಬೀಡಾ ಅಲ್ಲಿಗೇ ನುಂಗಿಹೋಯಿತು.

ಚಿಕ್ಕಮ್ಮನ ನ್ಯಾಯಕ್ಕೆ ಬಂಧುಬಳಗವಿಲ್ಲ. ಒಂದು ಸಂಜೆ ಎರಡೇ ನಿಮಿಷಕ್ಕೆಂದು ನಾನು ಸ್ಕೂಟರನ್ನು ರಸ್ತೆಯಲ್ಲಿ ಬಿಟ್ಟು ಮೇಲೆ ಹೋಗಿದ್ದೆ. ಇಳಿದು ಬರುವಾಗ ಅದೂ ಬಲೆಯಲ್ಲಿ.

"ನಾನು ನಿಮ್ಮ ಮಗನ ಹಾಗಲ್ವಾ ಚಿಕ್ಕಮ್ಮ?"

"ಮಗನೇ ಹೌದು. ಒಳಗೆ ಬಾ, ಚಾ ಕುಡಿ. ಆಮೇಲೆ ಬಿಡಿಸು."

ಮರುದಿನ ಆಫೀಸಿನಲ್ಲಿ ಪಕ್ಕದ ಮೇಜಿನವರು ಕಿಟಕಿ ತೆರೆದು ಕೂತರು.

ಕೊನೆಗೆ ಮದುವೆ ಹಾಲಿನ ಮಾಲೀಕರೇ ಹಣ್ಣು, ಸಿಹಿ ಹಿಡಿದುಕೊಂಡು ಬಂದರು. "ಅಕ್ಕ, ನಿಮ್ಮ ಗೇಟಿನ ಎದುರು ಯಾರೂ ನಿಲ್ಲಿಸದ ಹಾಗೆ ಒಬ್ಬ ವಾಚ್‌ಮನ್ ಇಡ್ತೇನೆ. ಬಲೆಯೊಂದು ಬೇಡ."

"ನನಗೆ ಕಾರೇ ಇಲ್ಲ, ನನ್ನ ಗೇಟು ಎಂತಕ್ಕೆ? ಇಡೀ ರಸ್ತೆ ಬಿಡಿಸಿ ಕೊಡಿ. ನಿಮ್ಮ ಹಾಲ್ ಹಿಂದಿನ ಗದ್ದೆ ಖಾಲಿ ಉಂಟಲ್ಲ, ಕಾರು ಅಲ್ಲಿ ನಿಲ್ಲಿಸಲಿ."

"ಅದು ಮುಂದೆ ಲಾಡ್ಜ್ ಕಟ್ಟಲಿಕ್ಕೆ ಅಕ್ಕ."

"ಹಾಗಾದರೆ ಲಾಡ್ಜಿನ ಬಾಗಿಲಿಗೂ ಆಗುವಷ್ಟು ಬಲೆ ನನ್ನ ಅಣ್ಣನ ಹತ್ತಿರ ಉಂಟು."

ಸಿಹಿಯ ಪೊಟ್ಟಣ ಬಂದ ದಾರಿಯಲ್ಲೇ ವಾಪಸು ಹೋಯಿತು. ನನ್ನ ಹೆಂಡತಿಗೆ ಅದೊಂದು ಬೇಸರ ಈಗಲೂ ಉಂಟು.

ಕಳೆದ ಬೇಸಗೆಯಲ್ಲಿ ಒಂದು ಆದಿತ್ಯವಾರ, ಸರಿಯಾಗಿ ನಮ್ಮ ಗೇಟಿಗೇ ಅಡ್ಡವಾಗಿ ಒಂದು ಕಾರು ನಿಂತಿತು. ಚಿಕ್ಕಮ್ಮ ಬಲೆ ಎಳೆದುಕೊಂಡು ಹೊರಟರು, ಇನ್ನೊಂದು ತುದಿ ಹಿಡಿದುಕೊಂಡು ನಾನು. ಹತ್ತಿರ ಹೋಗಿ ನೋಡಿದರೆ ಕಿಟಕಿಯ ಗಾಜು ಇಳಿಸಿದೆ, ಹಿಂದಿನ ಸೀಟಿನಲ್ಲಿ ಒಬ್ಬರು ಮುದುಕರು. ಹೊಸ ಪಂಚೆ, ಜರಿ ಶಾಲು, ಸೆಖೆಗೆ ಮುಖವೆಲ್ಲ ಬೆವರು. ಕಾಲುಗಳಲ್ಲಿ ಶಕ್ತಿ ಇಲ್ಲದ್ದು ನೋಡಿದರೇ ತಿಳಿಯುತ್ತಿತ್ತು.

"ನೀವು ಇಲ್ಲಿ ಎಂತ ಮಾಡುವುದು?" ಎಂದು ಕೇಳಿದರು ಚಿಕ್ಕಮ್ಮ.

"ಮೊಮ್ಮಗಳ ಮದುವೆ ಅಮ್ಮ. ಹಾಲ್ ಮಹಡಿಯ ಮೇಲೆ, ಲಿಫ್ಟ್ ಹಾಳಾಗಿದೆಯಂತೆ. ಸರಿಯಾದ ಕೂಡಲೇ ಬಂದು ಕರ್ಕೊಂಡು ಹೋಗ್ತೇವೆ ಅಂದಿದ್ದಾರೆ."

ಹಾಲಿನ ಕಡೆಯಿಂದ ಜನ ಊಟ ಮುಗಿಸಿ ಇಳಿಯುತ್ತಿದ್ದರು. ಮುದುಕರಿಗೂ ಅದು ಕಾಣುತ್ತಿತ್ತು. ಅವರು ಬೇರೆ ಕಡೆ ನೋಡಿದರು.

ಚಿಕ್ಕಮ್ಮ ಬಲೆಯನ್ನು ಅಲ್ಲೇ ನೆಲಕ್ಕೆ ಹಾಕಿದರು. ಒಳಗಿನಿಂದ ಮಜ್ಜಿಗೆ ತಂದು, ಲೋಟವನ್ನು ತಾವೇ ಹಿಡಿದು ಕುಡಿಸಿದರು. ಆಮೇಲೆ ಮೈಮೇಲಿದ್ದ ನೈಟಿ, ಹೆಗಲ ಮೇಲಿದ್ದ ಬೆವರೊರೆಸುವ ಬೈರಾಸು ಇದ್ದ ಹಾಗೆಯೇ ಹಾಲಿನತ್ತ ನಡೆದರು. ಹಿಂದೆ ನಾನು ಓಡಿದೆ. ಅವರು ಮೆಟ್ಟಿಲು ಹತ್ತಿ ನೇರ ವೇದಿಕೆಗೇ ಹೋದರು. ಫೋಟೋಗೆ ನಿಂತವರ ಸಾಲು ತಾನಾಗಿ ದಾರಿ ಬಿಟ್ಟಿತು.

"ಮಗಾ, ನಿನ್ನ ಅಜ್ಜ ಕೆಳಗೆ ನನ್ನ ಗೇಟಿನ ಹತ್ತಿರ ಕೂತಿದ್ದಾರೆ. ಅವರಿಗೆ ಹತ್ತಲಿಕ್ಕೆ ಆಗುದಿಲ್ಲ. ನಿನಗೆ ಇಳೀಲಿಕ್ಕೆ ಆಗ್ತದೆ ಅಲ್ವಾ?"

ಇಡೀ ಹಾಲಿಗೆ ಕೇಳಿತು. ಅಜ್ಜ ಕೆಳಗೇ ಇದ್ದಾರೆಂದು ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಹಾರ ಹಾಕಿಕೊಂಡೇ ಮೆಟ್ಟಿಲಿಳಿದಳು. ಹಿಂದೆ ಮದುಮಗ, ಅವನ ಹಿಂದೆ ನೆಂಟರು, ಫೋಟೋದವರು. ನಮ್ಮ ರಸ್ತೆ ಪೂರ್ತಿ ಬಂದ್ ಆಯಿತು. ಎರಡೂ ಕಡೆಯಿಂದ ಕಾರುಗಳು ಹಾರ್ನು ಹೊಡೆಯತೊಡಗಿದವು. ಚಿಕ್ಕಮ್ಮ ಮಧ್ಯದಲ್ಲಿ ಕೈ ಅಡ್ಡ ಹಿಡಿದು ನಿಂತರು.

"ಸ್ವಲ್ಪ ದಾರಿ ಬಿಡಿ," ಎಂದು ಒಬ್ಬ ತಲೆ ಹೊರಗೆ ಹಾಕಿದ.

"ಬಿಡುದಿಲ್ಲ," ಎಂದರು ಚಿಕ್ಕಮ್ಮ. "ಮದುವೆ ಮುಗೀಲಿಲ್ಲ."

ಹುಡುಗಿ ಕಾರಿನ ಬಾಗಿಲ ಬಳಿ ಮೊಣಕಾಲೂರಿದಳು. ಯಾರೋ ಅಕ್ಷತೆಯ ತಟ್ಟೆ ತಂದರು. ಅಜ್ಜ ಹಿಡಿ ತುಂಬ ಅಕ್ಷತೆ ತೆಗೆದುಕೊಂಡರು. ಹಾಕಿದ್ದರಲ್ಲಿ ಅರ್ಧ ಅವಳ ತಲೆಯ ಮೇಲೆ, ಅರ್ಧ ರಸ್ತೆಯ ಮೇಲೆ ಬಿತ್ತು. ಇಬ್ಬರೂ ಅಳುತ್ತಿದ್ದರು.

ಹುಡುಗಿ ಎದ್ದ ಮೇಲೆ ಮುದುಕರು ಕಿಟಕಿಯಿಂದ ಕೈ ಹೊರಗೆ ಚಾಚಿದರು. ಮುಷ್ಟಿಯಲ್ಲಿ ಇನ್ನೂ ಸ್ವಲ್ಪ ಅಕ್ಕಿ ಉಳಿದಿತ್ತು.

"ನೀವೂ ಬನ್ನಿ ಅಮ್ಮ," ಎಂದರು.

ಚಿಕ್ಕಮ್ಮ ಒಮ್ಮೆ ರಸ್ತೆಯತ್ತ ನೋಡಿದರು, ಒಮ್ಮೆ ನನ್ನತ್ತ. ಆಮೇಲೆ ಬೈರಾಸಿನಿಂದ ಮುಖ ಒರೆಸಿಕೊಂಡು ಹೋಗಿ, ಆ ಕಿಟಕಿಯ ಮುಂದೆ ತಲೆ ಬಗ್ಗಿಸಿದರು. ಆ ತಲೆ ಮೇಲೇಳಲು ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಹಾರ್ನು ಹೊಡೆಯುತ್ತಿದ್ದವರೂ ಕಾರು ಆಫ್ ಮಾಡಿ ಇಳಿದು ನಿಂತಿದ್ದರು.