ಗಿರಿಯ ಕರಿಗಾಜು

"ಈ ಸಲ ಕ್ಯಾಲೆಂಡರ್ ಮುಖಪುಟ ನನ್ನದು! ಬೇಕಾದ್ರೆ ಬರೆದಿಟ್ಕೋ!"

ಗಿರಿ ಅಡುಗೆಮನೆ ಬಾಗಿಲಲ್ಲಿ ನಿಂತು ಹೀಗೆ ಘೋಷಿಸಿದಾಗ ಅವನ ಹೆಂಡತಿ ಮಾಲಾ ಮುದ್ದೆಗೆ ಹಿಟ್ಟು ತಿರುವುತ್ತಿದ್ದಳು. ಮುದ್ದೆ ತಿರುವುವವರು ಪ್ರಳಯವಾದರೂ ಮಧ್ಯದಲ್ಲಿ ಕೈ ಬಿಡುವಂತಿಲ್ಲ. ಆದ್ದರಿಂದ ಆ ಐತಿಹಾಸಿಕ ಘೋಷಣೆಗೆ ಉತ್ತರವಾಗಿ ಕೋಲಿನ ಸದ್ದು ಮಾತ್ರ ಕೇಳಿಸಿತು.

ಕ್ಯಾಲೆಂಡರ್ ಎಂದರೆ ಸಾಮಾನ್ಯದ್ದಲ್ಲ! ಯಲಹಂಕ ಕೆರೆ ಏರಿಯ ಮೇಲೆ ದಿನಾ ಬೆಳಗ್ಗೆ ಕೈ ಬೀಸಿಕೊಂಡು ನಡೆಯುವ 'ಮುಂಜಾವು ಬಳಗ' ಪ್ರತಿ ವರ್ಷ ಅಚ್ಚು ಹಾಕಿಸಿ ಮನೆಮನೆಗೆ ಹಂಚುವ ಕ್ಯಾಲೆಂಡರ್ ಅದು. ಗ್ಯಾಸ್ ಬಂದ ತಾರೀಖು ಗುರುತು ಹಾಕುವಾಗ, ಏಕಾದಶಿ ನೋಡುವಾಗ, ಐನೂರು ಮನೆಯವರ ಕಣ್ಣು ಮುಖಪುಟದ ಚಿತ್ರದ ಮೇಲೆ ಬೀಳಲೇಬೇಕು. ಮೂರು ವರ್ಷದಿಂದ ಆ ಜಾಗವನ್ನು ಪಕ್ಕದ ಮನೆ ನಾಗೇಶ್ ಮೊಬೈಲಿನಲ್ಲಿ ತೆಗೆದ ಫೋಟೊಗಳೇ ಆಕ್ರಮಿಸಿಕೊಂಡಿದ್ದವು. ಹೋದ ವರ್ಷದ್ದರಲ್ಲಂತೂ ಸೂರ್ಯೋದಯಕ್ಕಿಂತ ನಾಗೇಶನ ನೆರಳೇ ದೊಡ್ಡದಾಗಿತ್ತು! ಮತ್ತಿಕೆರೆಯ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಬೆಳಕಿನ ಜೊತೆಗೇ ಸಂಸಾರ ಮಾಡಿದ ಗಿರಿ, ಆ ನೆರಳನ್ನು ಮುನ್ನೂರ ಅರವತ್ತೈದು ದಿನ ತನ್ನದೇ ಗೋಡೆಯ ಮೇಲೆ ಸಹಿಸಿಕೊಂಡಿದ್ದ. ಇನ್ನು ಅವನಿಂದ ಆಗುತ್ತಿರಲಿಲ್ಲ.

ಅವನ ಬ್ರಹ್ಮಾಸ್ತ್ರ ಒಂದು ಪುಟ್ಟ ಡಬ್ಬಿಯಲ್ಲಿ ಬಂತು. ಮಾಲಾ ತೆಗೆದು ನೋಡಿದಳು.

"ಏನ್ರೀ ಇದು, ಗ್ರಹಣ ನೋಡೋ ಗಾಜಾ?"

"ಎನ್.ಡಿ. ಫಿಲ್ಟರ್ ಕಣೆ! ಬಂದ ಬೆಳಕಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಬಿಡುತ್ತೆ. ಹಾಡಹಗಲೇ ನಾಲ್ಕು ನಿಮಿಷ ಕ್ಯಾಮೆರಾ ಕಣ್ಣು ತೆರೆದಿಡಬಹುದು. ನೀರು ಹಾಲಿನ ಕೆನೆ ಥರ ಆಗುತ್ತೆ. ಓಡಾಡೋ ಜನ ಎಲ್ಲ ಮಾಯ! ಕೆರೆ ಏರಿ ಖಾಲಿ ಖಾಲಿ!"

"ಜನ ಬೇಡ ಅಂದ್ರೆ ಜನ ಇಲ್ದಾಗ ತೆಗೀರಿ."

"ಯಲಹಂಕದಲ್ಲಿ ಜನ ಇಲ್ಲದ ಹೊತ್ತು ಯಾವುದು ಹೇಳು!"

ಮಾಲಾ ಸೋತಳು. ಅವರ ಸಂಸಾರದಲ್ಲಿ ಇದು ಅಪರೂಪದ ಘಟನೆಯಾದ್ದರಿಂದ ಗಿರಿಗೆ ಅಲ್ಲಿಯೇ ಅರ್ಧ ಗೆದ್ದಂತಾಯಿತು.

ತಾಲೀಮು ಟೆರೇಸಿನ ಮೇಲೆ ನಡೆಯಿತು. ಗಿರಿ ಫಿಲ್ಟರ್ ತಿರುಗಿಸಿ ಕೂರಿಸಿ, ಕಣ್ಣಿಟ್ಟು ನೋಡಿದ. ಕಗ್ಗತ್ತಲು!

"ಅಯ್ಯೋ, ಕ್ಯಾಮೆರಾ ಹೋಯ್ತು ಕಣೆ!"

"ಮುಚ್ಚಳ ತೆಗೆದ್ರಾ?"

"ಅದು ಮುಚ್ಚಳ ಅಲ್ಲ, ಫಿಲ್ಟರು!"

ಮುಚ್ಚಳಕ್ಕೂ ಅದಕ್ಕೂ ಏನು ವ್ಯತ್ಯಾಸ ಎಂದು ಮಾಲಾ ಕೇಳಿದ್ದಕ್ಕೆ ಗಿರಿ ಗಾಜನ್ನು ಬಿಚ್ಚಿ ಮತ್ತೆ ತಿರುಗಿಸತೊಡಗಿದ. ಮೂರು ದಿನ ಒದ್ದಾಡಿದ ಮೇಲೆ ವಿದ್ಯೆ ಒಲಿಯಿತು. ಮೊದಲು ಗಾಜಿಲ್ಲದೆ ಚೌಕಟ್ಟು ನೋಡಿಕೊಳ್ಳಬೇಕು, ಫೋಕಸ್ ಮಾಡಿ ಅಲ್ಲಿಗೇ ಬಿಗಿ ಮಾಡಬೇಕು, ಆಮೇಲೆ ಉಸಿರು ಬಿಗಿಹಿಡಿದು ಗಾಜು ಕೂರಿಸಬೇಕು. ಅಲ್ಲಿಂದ ಮುಂದೆ ಎದುರಿಗೆ ಆನೆ ಬಂದು ನಿಂತರೂ ಕ್ಯಾಮೆರಾದೊಳಗೆ ಕಾಣುವುದಿಲ್ಲ. ಕಣ್ಣಿಡುವ ಕಿಂಡಿಯಿಂದ ಬೆಳಕು ನುಗ್ಗದಂತೆ ಮೇಲೊಂದು ಕರಿ ಬಟ್ಟೆಯನ್ನೂ ಮುಚ್ಚಬೇಕು. ನಾಲ್ಕನೇ ದಿನ ತೆಗೆದ ಫೋಟೊದಲ್ಲಿ ನೀರಿನ ಟ್ಯಾಂಕು ದೇವಸ್ಥಾನದ ಗೋಪುರದಂತೆ ಗಂಭೀರವಾಗಿ ನಿಂತಿತ್ತು. ಹಗ್ಗದ ಮೇಲಿನ ಬಟ್ಟೆಗಳೆಲ್ಲ ಗಾಳಿಗೆ ಹಾರಾಡಿ ಹೊಗೆಯಾಗಿದ್ದವು.

"ನನ್ನ ಸೀರೆ ದೆವ್ವ ಆಗಿದೆ," ಎಂದಳು ಮಾಲಾ.

ಫೋಟೊ ಕಳಿಸಲು ಕೊನೆಯ ದಿನ ಭಾನುವಾರ, ಮಧ್ಯಾಹ್ನ ಹನ್ನೆರಡರೊಳಗೆ. ಆ ಬೆಳಗ್ಗೆ ಆಕಾಶದ ತುಂಬ ಮೋಡ. ಗಿರಿಗೆ ಬೇಕಾಗಿದ್ದೂ ಅದೇ ಮಂದ ಬೆಳಕು. ಟ್ರೈಪಾಡ್ ಹೊತ್ತು ಅವನು, ಗಾಳಿಗೆ ಅಡ್ಡ ಹಿಡಿಯಲು ಕೊಡೆ ಹೊತ್ತು ಮಾಲಾ, 'ನಾನೂ ಬತ್ತೀನಿ, ಮನೇಲಿ ಕುಂತು ಏನ್ ಮಾಡ್ಲಿ' ಎಂದು ಅವಳ ತಾಯಿ ಮುನಿಕೃಷ್ಣಮ್ಮ, ಮೂವರೂ ಏರಿ ತಲುಪಿದರು.

ಚೌಕಟ್ಟು ಅದ್ಭುತವಾಗಿ ಕೂತಿತು! ಎಡಕ್ಕೆ ಬಾಗಿದ ಹೊಂಗೆ ಮರ, ಅದರ ಕೆಳಗೆ ಖಾಲಿ ಕಲ್ಲುಬೆಂಚು, ಆಚೆ ಪೂರ್ತಿ ನೀರು. ಗಿರಿ ಫೋಕಸ್ ಬಿಗಿ ಮಾಡಿದ. ಗಾಜು ಕೂರಿಸಿದ. ಮಾಲಾಗೆ ಕೊನೆಯ ಆಜ್ಞೆ ಕೊಟ್ಟ.

"ನಾಲ್ಕು ನಿಮಿಷ! ಅಲ್ಲಾಡ್ಬೇಡ, ಬಾಯಿ ಬಿಡ್ಬೇಡ! ಭೂಕಂಪ ಆದ್ರೂ ನನ್ನ ಕರೀಬೇಡ!"

ಕ್ಯಾಮೆರಾಕ್ಕೂ ತನ್ನ ತಲೆಗೂ ಸೇರಿಸಿ ಕರಿ ಶಾಲು ಹೊದ್ದುಕೊಂಡು ಗುಂಡಿ ಒತ್ತಿದ. ಶಾಲಿನೊಳಗೆ ಗಡಿಯಾರ ನೋಡುತ್ತ ನಿಂತ ಅವನಿಗೆ ಹೊರಗಿನ ಗದ್ದಲ ಮಾತ್ರ ಕೇಳಿಸುತ್ತಿತ್ತು. ಬೀಸುಗೈ ಬಳಗ ಮಾತಾಡುತ್ತ ಹೋಯಿತು. ನಾಯಿಗಳು ಬೊಗಳುತ್ತ ಹೋದವು. ಅಷ್ಟರಲ್ಲಿ ನಾಗೇಶನ ದನಿ!

"ಏನ್ ಗುರು, ಮುಸುಕು ಹಾಕ್ಕೊಂಡ್ ಹೆಣ್ಣು ನೋಡಕ್ ಬಂದಿದೀಯಾ? ತಗೋ, ನನ್ನೂ ಸೇರ್ಸ್ಕೋ!"

ಅವನು ಕ್ಯಾಮೆರಾ ಮುಂದೆ ಆ ಕಡೆಯಿಂದ ಈ ಕಡೆಗೆ ಕುಣಿಯುತ್ತಿದ್ದದ್ದು ಶೂ ಸದ್ದಿನಲ್ಲೇ ತಿಳಿಯುತ್ತಿತ್ತು. ಗಿರಿ ಒಳಗೊಳಗೇ ನಕ್ಕ. ಕುಣಿ ಮಗನೇ, ಕುಣಿ! ನಿಂತರೆ ಉಳಿದುಬಿಡ್ತೀಯ!

ನಾಲ್ಕು ನಿಮಿಷ ಮುಗಿಯಿತು. ಶಾಲು ಸರಿಸಿ ಪರದೆ ನೋಡಿದ ಗಿರಿಯ ಎದೆ ಉಬ್ಬಿತು. ನೀರು ಕೆನೆಯಾಗಿತ್ತು! ವಾಕಿಂಗಿನವರು ಮಾಯ! ನಾಯಿಗಳು ಮಾಯ! ನಾಗೇಶನ ಧೂಳೂ ಇಲ್ಲ! ಆದರೆ ಕಲ್ಲುಬೆಂಚಿನ ಮೇಲೆ...

ಕಲ್ಲುಬೆಂಚಿನ ಮೇಲೆ ಮುನಿಕೃಷ್ಣಮ್ಮ! ಎರಡೂ ಕೈ ಮೊಣಕಾಲ ಮೇಲೆ, ಸೆರಗು ನೆಟ್ಟಗೆ, ಮೂಗುತಿಯ ಹರಳು ಕೂಡ ಎಣಿಸುವಷ್ಟು ಸ್ಪಷ್ಟ! ಫೋಟೊದಲ್ಲಷ್ಟೇ ಅಲ್ಲ, ತಲೆ ಎತ್ತಿ ನೋಡಿದರೆ ಅಲ್ಲೂ ಹಾಗೇ ಕೂತಿದ್ದರು.

"ಅತ್ತೆ! ಏನ್ ಮಾಡ್ಬಿಟ್ರಿ!"

ಅತ್ತೆ ತುಟಿ ಅಲ್ಲಾಡಿಸದೆ ಕೇಳಿದರು. "ಆಯ್ತಾ?"

"ಆಯ್ತು! ಎಲ್ಲಾ ಆಯ್ತು!"

ಆಮೇಲೇ ಅವರು ಉಸಿರು ಬಿಟ್ಟದ್ದು. "ನನ್ ಮದ್ವೆ ಪೋಟೊ ತೆಗುದ್ನಲ್ಲ, ದೊಡ್ಡಬಳ್ಳಾಪುರದ ಸ್ಟುಡಿಯೋದವ್ನು, ಅವ್ನೂ ಇಂಗೇ ಕರಿ ಬಟ್ಟೆ ಒದ್ಕಂಡ. 'ನಾನು ಆಯ್ತು ಅನ್ನೋಗಂಟ ರೆಪ್ಪೆನೂ ಮಿಟುಕಿಸ್ಬಾರ್ದು ಕಣಮ್ಮ' ಅಂದಿದ್ದ. ನೀವು ಬಟ್ಟೆ ಒದ್ಕಂಡ್ರಲ್ಲ, ಓ ನನ್ ಪೋಟೊಗೇಯ ಅಂತ ಓಡ್ಬಂದು ಕುಂತ್ಕಂಡೆ."

ಗಿರಿ ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳ್ಬಾರ್ದಿತ್ತಾ!"

"ಭೂಕಂಪ ಆದ್ರೂ ಕರೀಬೇಡ ಅಂದ್ರಿ. ಅಮ್ಮ ಕೂತಿದ್ದು ಭೂಕಂಪಕ್ಕಿಂತ ದೊಡ್ಡದಾ?"

ಇನ್ನೊಂದು ತೆಗೆಯೋಣವೆಂದರೆ ಮೋಡ ಸರಿದು ಬಿಸಿಲು ರಪ್ಪನೆ ಬಡಿಯಿತು. ನೀರು ತಗಡಿನ ಹಾಗೆ ಹೊಳೆಯತೊಡಗಿತು. ಗಿರಿ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಅವನಿಗೆ ನಿಜಕ್ಕೂ ಅಳು ಬಂದಿತ್ತು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮಾಲಾ ಆ ಫೋಟೊವನ್ನೇ ತನ್ನ ಮೊಬೈಲಿನಿಂದ ಬಳಗಕ್ಕೆ ಕಳಿಸಿದಳು.

ಮತ್ತು ಗೆದ್ದಿತು! ಒಮ್ಮತದಿಂದ ಗೆದ್ದಿತು!

ಡಿಸೆಂಬರ್ ಕೊನೆಯ ಭಾನುವಾರ ಏರಿಯ ಮೇಲೆ ಬಳಗದ ಅಧ್ಯಕ್ಷ ಶೇಖರಪ್ಪನವರು ಕ್ಯಾಲೆಂಡರ್ ಬಿಚ್ಚಿ ಹಿಡಿದಾಗ ಚಪ್ಪಾಳೆಗೆ ಹೊಂಗೆ ಮರದ ಕಾಗೆಗಳೆಲ್ಲ ಹಾರಿದವು. ಲೋಕವೆಲ್ಲ ಮಂಜಾಗಿ ಕರಗಿಹೋಗಿ ಒಬ್ಬ ಮುದುಕಿ ಮಾತ್ರ ಗಟ್ಟಿಯಾಗಿ ಉಳಿದ ಚಿತ್ರ.

ನಾಗೇಶ್ ಹತ್ತಿರ ಬಂದು ಚಿತ್ರವನ್ನು ಮೂಗಿಗೆ ಹಿಡಿದು ಹುಡುಕಿದ. "ನಾನ್ ಅಷ್ಟೊಂದು ಕುಣಿದ್ನಲ್ಲ ಗುರು, ನಾನೆಲ್ಲಿ?"

"ಇದೀಯ ಮಗಾ," ಎಂದ ಗಿರಿ ಮಹಾರಾಜನ ಗತ್ತಿನಲ್ಲಿ, "ಆ ನೀರಿನ ಪಕ್ಕ ಒಂಚೂರು ಹಬೆ ಇದೆಯಲ್ಲ, ಅದು ನೀನೇ ಇರಬೇಕು!"

ಮೂರು ವರ್ಷದ ನೆರಳು ಅಲ್ಲಿಗೆ ತೀರಿತು. ಗಿರಿ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಿ ಆನಂದಿಸಲು ಬಗ್ಗಿದ. ಕೆಳಗೆ ಬಣ್ಣದ ಅಕ್ಷರದಲ್ಲಿ 'ಶ್ರೀಮತಿ ಮುನಿಕೃಷ್ಣಮ್ಮನವರು' ಎಂದಿತ್ತು. ಅದರ ಕೆಳಗೆ, ಇರುವೆ ಸಾಲಿನಷ್ಟು ಸಣ್ಣದಾಗಿ, 'ತೆಗೆದವರು: ಅಳಿಯ'.

"ಮಾಲಾ! ಏನಂತ ಬರೆದು ಕಳಿಸಿದ್ದೆ?"

"ಇದ್ದದ್ದೇ ಬರೆದೆ ಕಣ್ರೀ."

ಜಗಳವಾಡಲು ಪುರುಸೊತ್ತು ಎಲ್ಲಿತ್ತು! ಬಳಗವೆಲ್ಲ ಮುನಿಕೃಷ್ಣಮ್ಮನವರನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ಸುತ್ತ ನಿಂತಾಗಿತ್ತು. ಶೇಖರಪ್ಪನವರು ತಮ್ಮ ಮೊಬೈಲನ್ನು ಗಿರಿಯ ಕೈಗಿಟ್ಟರು. "ಅಳಿಯಂದ್ರೇ, ನಮ್ದೂ ಒಂದು ತೆಗೀರಿ." ಗಿರಿ ಹಲ್ಲು ಕಚ್ಚಿ, ಕ್ಲಿಕ್ ಎಂದು ತೆಗೆದ. ಎಲ್ಲರೂ ಚದುರಿದರು. ಅತ್ತೆ ಮಾತ್ರ ಮೊಣಕಾಲ ಮೇಲೆ ಕೈಯಿಟ್ಟು ಕಲ್ಲಾಗಿಯೇ ಇದ್ದರು.

"ಆಯ್ತು ಅತ್ತೆ, ಏಳಿ."

ಮುನಿಕೃಷ್ಣಮ್ಮ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಆ ಕಣ್ಣಿನಲ್ಲಿ ನಿಜವಾದ ಮೆಚ್ಚುಗೆಯಿತ್ತು.

"ಪರ್ವಾಗಿಲ್ಲ ಅಳಿಯಂದ್ರೇ, ಕೈ ಕುದುರ್ತಾ ಅದೆ. ಅವತ್ತು ಒಂದ್ ಪೋಟೊ ತೆಗ್ಯಕ್ಕೆ ನಾಕ್ ನಿಮಿಷ ಪರದಾಡುದ್ರಿ, ಪಾಪ!"